ಕಲ್ಕತ್ತೆಯ ಜಾದುಘರ

ಕಲ್ಕತ್ತೆಯ ಚೌರಂಗಿಯಲ್ಲಿರುವ ಇಂಡಿಯನ್ ಮ್ಯೂಸಿಯಮ್ಮನ್ನು ವಂಗದೇಶದ ಜನಸಾಮಾನ್ಯರು ‘ಜಾದುಘರ’ವೆಂದು ಕರೆಯುವರು. ಮಾಯಾಗೃಹವೆಂದು ಅದರ ಅರ್ಥ. ಹಳ್ಳಿಯಿಂದ ಬಂದವನಿಗೆ ಅಲ್ಲಿಯ ಅಸ್ಥಿಪಂಜರಗಳೂ ಪಕ್ಷಿಗಳೂ ಅದ್ಭುತವಾಗಿಯೇ ತೋರುವುವು. ಆದರೆ ಜನರ ಕಣ್ಣಿಗೆ ಬೀಳದ ಮತ್ತೊಂದು ಕಾರ್ಯವೂ ಆ ಮಂದಿರದಲ್ಲಿ ಬಹುಕಾಲ ನಡೆದುಬಂದಿತು. ಅದನ್ನರಿಯದೆ ಈ ಸಂಸ್ಥೆಯ ಮಹತ್ತ್ವವು ಪೂರ್ಣವಾಗಿ ಗೋಚರಿಸದು.

1784ರಲ್ಲಿ ಸರ್ ವಿಲಿಯಂ ಜೋನ್ಸನು ಸ್ಥಾಪಿಸಿದ ಏಷಿಯಾಟಿಕ್ ಸೊಸೈಟಿಯೇ ಇದರ ತೌರುಮನೆ. ನೆಥೇನಿಯಲ್ ವಾಲಿಕ್ ಎಂಬ ಡೇನಿಷ್ ವೈದ್ಯನು ಸಸ್ಯಶಾಸ್ತ್ರದಲ್ಲಿ ನಿಪುಣನು. ಇಂಗ್ಲಿಷರು ಶ್ರೀರಾಮಪುರವನ್ನು ವಶಪಡಿಸಿಕೊಂಡಾಗ ಸೆರೆಸಿಕ್ಕಿ, ತನ್ನ ವಿದ್ವತ್ತಿನಿಂದಲೇ ಬಿಡುಗಡೆ ಹೊಂದಿದವನು. ವಸ್ತುಸಂಗ್ರಹಾಲಯವೊಂದು ಆಗಬೇಕೆಂದೂ, ತನ್ನಲ್ಲಿ ಎರಡೆರಡಾಗಿರುವ ವಸ್ತುಗಳನ್ನು ಕೊಟ್ಟು ವೇತನವಿಲ್ಲದೆ ಅದನ್ನು ನೋಡಿಕೊಳ್ಳುವೆನೆಂದೂ ಅವನು 1814ನೆಯ ಫೆಬ್ರುವರಿ 2ರಂದು ಸೊಸೈಟಿಗೆ ಬರೆದನು. ಸೊಸೈಟಿಯು ಸಮ್ಮತಿಸಿತು. ಐರೋಪ್ಯರಲ್ಲದೆ ರಾಮಕಮಲಸೇನ, ಬೇಗಂ ಸಮ್ರು ಮೊದಲಾದ ದೇಶೀಯರೂ ವಸ್ತುಗಳನ್ನು ಕಾಣಿಕೆಯಾಗಿತ್ತರು.

1841ರಿಂದ 1862ರವರೆಗೆ ಎಡ್ವರ್ಡ್ ಬ್ಲೈತನು ಇದರ ಪಾಲಕನಾಗಿದ್ದನು. ಅಲ್ಪವೇತನದಲ್ಲಿ, ಇಕ್ಕಟ್ಟಾದ ಕೊಠಡಿಗಳಲ್ಲಿ ಕುಳಿತು ಈತನು ಪಕ್ಷಿಮೃಗಗಳನ್ನು ಪರಿಶೀಲಿಸಿ ಬರೆದ ವಿಷಯಗಳು ಸಮುದ್ರಗಳನ್ನು ದಾಟಿದುವು. ಚಾರ್ಲ್ಸ್ ಡಾರ್ವಿನ್ನನು ಇವನೊಡನೆ ಪತ್ರವ್ಯವಹಾರವಿಟ್ಟುಕೊಂಡು, 1859ರ ತನ್ನ ಮಹಾಗ್ರಂಥದಲ್ಲಿ ಇವನ ಅಭಿಪ್ರಾಯಕ್ಕೆ ಹೆಚ್ಚಿನ ಬೆಲೆಯನ್ನಿತ್ತನು.

ಸಂಗ್ರಹವು ಬೆಳೆದು ಸೊಸೈಟಿಯ ಮನೆ ಸಾಲದಾಯಿತು. 1866ರಲ್ಲಿ ಮ್ಯೂಸಿಯಮ್ಮಿಗಾಗಿ ಕಾಯಿದೆಯಾಯಿತು. ಗ್ರ್ಯಾನ್‌ವಿಲನ ನಕ್ಷೆಯಂತೆ ಎದ್ದ ಹೊಸ ಸೌಧದಲ್ಲಿ 1878ರಿಂದ ಸಾರ್ವಜನಿಕರು ಪ್ರವೇಶಿಸತೊಡಗಿದರು. 1907ರಲ್ಲಿ ಅಧ್ಯಕ್ಷನಾದ ನೆಲ್ಸನ್ ಅನಂಡೇಲನು ಸಂಶೋಧನೆಗಳ ಪ್ರಕಟನೆಗಾಗಿ ಅದೇ ವರ್ಷ ಪತ್ರಿಕೆಯೊಂದನ್ನು ಆರಂಭಿಸಿದನು. 1916ನೆಯ ಜುಲೈ 1ರಂದು ಭಾರತದ ಪ್ರಾಣಿ ಸರ್ವೇಕ್ಷಣ ಇಲಾಖೆಯು ಇಲ್ಲಿಯ ಪ್ರಾಣಿಶಾಸ್ತ್ರ ವಿಭಾಗದಿಂದಲೇ ಜನಿಸಿತು.

ಸೀಸೆಯಲ್ಲಿಟ್ಟ ಒಂದು ಸಣ್ಣ ಮೀನಿಗಾಗಿ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಹೊಸ ಜಾತಿಯೊಂದಕ್ಕೆ ಹೆಸರಿಡುವಾಗ ವಿದ್ವಾಂಸನು ಯಾವ ದೇಹವನ್ನು ಆಧಾರವಾಗಿಟ್ಟುಕೊಳ್ಳುವನೋ ಅದೇ ಆ ಹೆಸರಿಗೆ ಮೂಲಪ್ರತಿ. ಪಾಠಾಂತರಗಳಿಂದ ಸಂದೇಹ ಬಂದಾಗ ಕವಿಯ ಸ್ವಹಸ್ತದ ಓಲೆ ದೊರೆತರೆ ಅದು ಹೇಗೆ ಪ್ರಮಾಣವೋ, ಹೆಸರಿನ ವಿವಾದದಲ್ಲಿ ಈ ದೇಹವೂ ಹಾಗೆಯೇ ಪ್ರಮಾಣ. ಎಲ್ಲಿ, ಎಂದು, ಯಾರಿಂದ ದೊರೆತುದೆಂಬ ಚೀಟಿಯು ಕಳಚಿಹೋದರೆ ಅದು ಗ್ರಂಥಸಮಾಪ್ತಿವಾಕ್ಯವಿಲ್ಲದ ಬಿಡಿ ಓಲೆಯಂತಾಗುವುದು.

ಇಂತಹ ನಿಧಿಗೆ ಎರಡನೆಯ ಮಹಾಯುದ್ಧದಲ್ಲಿ ವಿಪತ್ತು ಬಂದಿತು. 1942ರಲ್ಲಿ ಇಲಾಖೆಯ ಸಂಗ್ರಹಗಳನ್ನು ಕಲ್ಕತ್ತೆಯಿಂದ ಕಾಶಿಗೆ ಸಾಗಿಸಿ, ವರುಣಾ ನದಿಯ ಸಮೀಪದ ಕೈಸರ್ ಕ್ಯಾಸಲ್ ಎಂಬ ಭವನದಲ್ಲಿಟ್ಟರು. 1943ರಲ್ಲಿ ವರುಣೆಯು ಉಕ್ಕಿ ಭವನವನ್ನು ಹೊಕ್ಕಿತು. ಯುದ್ಧದ ಬೆಂಕಿಯಿಂದ ತಪ್ಪಿಸಲೆಂದು ಒಯ್ದುದರಲ್ಲಿ ಎಷ್ಟೋ ಭಾಗವು ನೀರಿನ ಪಾಲಾಯಿತು. ಕೆಟ್ಟ ಚಿತ್ರಪಟವನ್ನು ಮರಳಿ ಬರೆಯಿಸಬಹುದು. ನಷ್ಟವಾದ ಮೂಲಪ್ರತಿಯನ್ನು ಪುನಃ ಸೃಷ್ಟಿಸುವುದು ಯಾರಿಗೂ ಶಕ್ಯವಲ್ಲ. ಆದರೂ ಇಲಾಖೆಯ ವಿದ್ವಾಂಸರು ಉಳಿದುದನ್ನು ಕಾಪಾಡಿಕೊಂಡು ಕೆಲಸವನ್ನು ಮುಂದುವರಿಸಿದರು.

ಈಗ ಇಲಾಖೆಯ ಮುಖ್ಯ ಕಚೇರಿಯು ನ್ಯೂ ಆಲಿಪುರದಲ್ಲಿದೆ. ನೋಟಕರು ಬರುವುದು ಚೌರಂಗಿಯ ಸೌಧಕ್ಕೆ. ಸ್ಥಾನಗಳು ಬೇರೆಯಾದರೂ ಸಂಬಂಧವು ಕಡಿದುಹೋಗಬಾರದು. ಗಾಜಿನ ಹಿಂದಿನ ಒಂದು ಪಕ್ಷಿಯ ಹೆಸರನ್ನು ಬಾಲಕನೊಬ್ಬನು ನಿಸ್ಸಂದೇಹವಾಗಿ ಓದಬೇಕಾದರೆ, ಬೀಗ ಹಾಕಿದ ಬೀರುವಿನಲ್ಲಿ ಅದರ ಪ್ರಮಾಣವು ಕ್ಷೇಮವಾಗಿರಬೇಕು. ಆ ಬೀರುವಿನ ರಕ್ಷಣೆಗೆ ತಗಲುವ ವೆಚ್ಚವನ್ನು ಜನರು ವ್ಯರ್ಥವೆಂದೆಣಿಸದಿರಬೇಕಾದರೆ, ಆ ಬಾಲಕನಿಗೆ ಬಾಗಿಲು ತೆರೆದಿರಬೇಕು.