ಹನ್ನೆರಡು ಅಡಿಯ ಹಂಪು

ನಮ್ಮೂರಿನ ಹಂಪು ಒಂದೇ ಸಂಜೆಯಲ್ಲಿ ಹುಟ್ಟಿದ್ದು. ಹಿಂದಿನ ದಿನ ಶಾಲೆಯಿಂದ ಬರ್ತಿದ್ದ ಹುಡುಗಿಯೊಬ್ಬಳಿಗೆ ಕಾರೊಂದು ತಾಗಿ ಕಾಲು ಮುರಿದಿತ್ತು. ಬನವಾಸಿ ನೋಡೋಕೆ ಹೊರಟ ಯಾರೋ ಇರಬೇಕು, ಕಾರು ನಿಲ್ಲಲಿಲ್ಲ. ಮರುದಿನ ಮನೆ ಕಟ್ಟೋಕೆ ಅಂತ ತಂದಿಟ್ಟಿದ್ದ ಯಾರದೋ ಜಲ್ಲಿ, ಇನ್ಯಾರದೋ ಎರಡು ಮೂಟೆ ಸಿಮೆಂಟು ಸೇರಿ, ಗುಡ್ನಾಪುರದ ನಮ್ಮ ರಸ್ತೆಗೆ ಅಡ್ಡಲಾಗಿ ಒಂದು ಗೇಣು ಎತ್ತರ, ಒಂದೂವರೆ ಅಡಿ ಅಗಲದ ಗುಡ್ಡೆಯಾಯ್ತು. ಗದ್ದೆಯ ಬದುವನ್ನೇ ಎತ್ತಿ ತಂದು ರಸ್ತೆ ಮೇಲೆ ಇಟ್ಟ ಹಾಗೆ. ಬಣ್ಣ ಇಲ್ಲ, ಬೋರ್ಡು ಇಲ್ಲ.

ನಾಲ್ಕನೇ ದಿನ ರಾತ್ರಿ ಅಪ್ಪಯ್ಯನ ಸ್ಕೂಟರಿನ ಹಿಂದೆ ಕೂತಿದ್ದ ಆಯಿ ಬಿದ್ದಳು. ಅಪ್ಪಯ್ಯ ಜೋರಾಗಿ ಹೋಗೋ ಮನುಷ್ಯ ಅಲ್ಲ. ಗಂಟೆಗೆ ಇಪ್ಪತ್ತು ದಾಟಿದರೆ ಪೆಟ್ರೋಲು ದಂಡ ಅನ್ನೋನು. ಮುಂದಿನ ಚಕ್ರ ಹಾರಿತು, ಹಿಂದಿನದು ಎತ್ತಿ ಕುಕ್ಕಿತು, ಆಯಿಯ ಮುಂಗೈ ಮೂಳೆ ಮುರಿಯಿತು.

ಬೆಂಗಳೂರಲ್ಲಿ ಕೂತು ಫೋನಲ್ಲಿ ಹಾರಾಡಿದೆ. "ಯಾರು ಹಾಕಿದ್ದು ಅದನ್ನ? ನಾನೇ ಬಂದು ಕಿತ್ತು ಹಾಕಿಸ್ತೆ" ಅಂದೆ. ಫೋನಿಟ್ಟ ಮೇಲೆ ನೆನಪಾಯ್ತು, ಅದೇ ವಾರ ನಮ್ಮ ಬಡಾವಣೆಯ ಕ್ರಾಸಿಗೆ ಹಂಪು ಬೇಕು ಅಂತ ಬರೆದ ಅರ್ಜಿಗೆ ಸಹಿ ಹಾಕಿದ್ದೇನೆ. ಮುಖ್ಯರಸ್ತೆಯಲ್ಲಿ ಜಾಮ್ ಆದಾಗೆಲ್ಲ ಮೊಬೈಲಿನ ಮ್ಯಾಪು ಅಷ್ಟೂ ಕ್ಯಾಬುಗಳನ್ನ ನಮ್ಮ ಕ್ರಾಸಿಗೆ ತಿರುಗಿಸುತ್ತೆ. ಮಕ್ಕಳು ಶಟಲ್ ಆಡೋದು ಬಿಟ್ಟು ಆರು ತಿಂಗಳಾಯ್ತು. ಅಲ್ಲಿ ಹಂಪು ಬೇಕು ಅನ್ನೋನೂ ನಾನೇ, ಇಲ್ಲಿ ಬೇಡ ಅನ್ನೋನೂ ನಾನೇ. ಈ ಮುಜುಗರ ತಡೆಯೋಕಾಗದೆ, ಹಂಪು ಅನ್ನೋದು ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತೆ.

ಮೊದಲು ರಸ್ತೆಯ ವಿಷಯ. ನಮ್ಮೂರು ಇವತ್ತು ಸಣ್ಣದು. ಆದರೆ ಕದಂಬರ ಕಾಲದಲ್ಲಿ ಹೀಗಿರಲಿಲ್ಲ. 6ನೇ ಶತಮಾನದ ರವಿವರ್ಮನ ಕಂಬದ ಶಾಸನ ಸಿಕ್ಕಿದ್ದು ಇಲ್ಲೇ. ಮನ್ಮಥನಿಗೆ ಕಟ್ಟಿಸಿದ ಆಲಯ, ಅದಕ್ಕೆ ಬಿಟ್ಟ ಭೂಮಿ, ವಸಂತದ ಉತ್ಸವ ಎಲ್ಲ ಅದರಲ್ಲಿದೆ. ಬಂಗಾರೇಶ್ವರ ದೇವಸ್ಥಾನ ಇರೋ ನಮ್ಮ ಕೆರೆ ನೋಡೋಕೆ ಈಗಲೂ ಜನ ಬರ್ತಾರೆ. ಅಂದರೆ ಹೊರಗಿನವರು ಹಾದುಹೋಗೋದು ನಮಗೆ ಹೊಸದಲ್ಲ, ಹೊಸದು ಅವರ ವೇಗ ಮಾತ್ರ.

ಶಿರಸಿ ಸೀಮೆಯ ದೊಡ್ಡ ರಸ್ತೆ ಹುಟ್ಟಿದ್ದು ಹಾದುಹೋಗುವವರಿಗಾಗಿಯೇ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದಲ್ಲಿ ಆಗ ಅಂತರ್ಯುದ್ಧ. ಅಲ್ಲಿನ ಹತ್ತಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿ ಬೇಕಾಗಿತ್ತು. ಅದು ಎತ್ತಿನ ಗಾಡಿಗಳಲ್ಲಿ ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟೆ ಬಂದರಿಗೆ ಹೋಗ್ತಿತ್ತು. ದಾರಿಯಲ್ಲಿ ಸಿಗೋ ಹಳ್ಳಿಗಳಿಗೆ ಏನು ಬೇಕು ಅಂತ ಕೇಳಿ ಮಾಡಿದ ರಸ್ತೆ ಅದಲ್ಲ. ಆದರೂ ಜಗಳ ಇರಲಿಲ್ಲ, ಯಾಕಂದ್ರೆ ಎತ್ತಿಗೆ ಹಂಪು ಬೇಕಾಗಿಲ್ಲ. ಮಗು ಅಡ್ಡ ಬಂದರೆ ಗಾಡಿಯವನು ಹೊಯ್ ಅಂದರೆ ಸಾಕು.

ಹಾಗಂತ ರಸ್ತೆ ಊರಿನವರದ್ದೂ ಹೌದು ಅನ್ನೋದನ್ನ ನಮ್ಮ ಕಡೆಯವರು ಮರೆತವರೇನಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ರಥ ಏರಿ ಬಿಡಕಿಬೈಲಿಗೆ ಬಂದು ಕೂತರೆ ಶಿರಸಿಯ ನಡುಪೇಟೆಯಲ್ಲಿ ವಾಹನದ ಮಾತೇ ಇಲ್ಲ. ಬಳೆ ಅಂಗಡಿ, ತೊಟ್ಟಿಲು, ಮಿಠಾಯಿ, ಜನವೋ ಜನ. ಯಾವ ಎಂಜಿನಿಯರೂ ನಕ್ಷೆ ಮಾಡಿಲ್ಲ, ಯಾವನೂ ಕೋರ್ಟಿಗೆ ಹೋಗಿಲ್ಲ. ಜಾತ್ರೆ ಮುಗೀತು ಅಂದರೆ ರಸ್ತೆ ಮತ್ತೆ ಗಾಡಿಗಳಿಗೆ.

ಮೋಟಾರು ಗಾಡಿಯ ವೇಗ ತಡೆಯೋಕೆ ಪಟ್ಟಣವೊಂದು ರಸ್ತೆಯನ್ನೇ ಎತ್ತರಿಸಿದ ಹಳೇ ಉದಾಹರಣೆ ಅಮೆರಿಕದ ನ್ಯೂಜೆರ್ಸಿಯ ಚಾಟಮ್. 1906ರಲ್ಲಿ ಅಲ್ಲಿ ಜನ ದಾಟೋ ಜಾಗಗಳನ್ನ ಐದು ಇಂಚು ಏರಿಸಿದರು. ಐದು ಇಂಚು! ನಮ್ಮೂರವರು ಒಂದು ಗೇಣು ಹಾಕಿದ್ದಕ್ಕೆ ನಾನು ಬೈದಿದ್ದು ಸ್ವಲ್ಪ ಜಾಸ್ತಿಯಾಯ್ತೇನೋ.

ಆದರೆ ಇದು ಹಕ್ಕಿನ ಮಾತಾಗಿ ಬೆಳೆದದ್ದು ನೆದರ್ಲೆಂಡ್ಸಿನಲ್ಲಿ. ಇವತ್ತು ಸೈಕಲ್ ದೇಶ ಅಂತ ನಾವೆಲ್ಲ ಫೋಟೋ ಹಾಕ್ಕೊಳ್ಳೋ ಆ ನಾಡು 1970ರ ಹೊತ್ತಿಗೆ ಕಾರಿನ ದೇಶ ಆಗೋ ದಾರಿಯಲ್ಲಿತ್ತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಜನ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅದರಲ್ಲಿ ಒಂದು ಮಗು ವಿಕ್ ಲಾಂಗೆನ್‌ಹೋಫ್ ಅನ್ನೋ ಪತ್ರಕರ್ತನ ಮಗಳು, ಶಾಲೆಗೆ ಸೈಕಲ್ಲಿನಲ್ಲಿ ಹೊರಟಿದ್ದವಳು. 1972ರಲ್ಲಿ ಅವನು ತನ್ನ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹದ ಅರ್ಥ 'ಮಕ್ಕಳ ಕೊಲೆ ನಿಲ್ಲಿಸಿ' ಅಂತ. ಅದೇ ಹೆಸರಿನಲ್ಲಿ ಚಳವಳಿಯೇ ಎದ್ದಿತು. ಜನ ರಸ್ತೆಗೆ ಅಡ್ಡ ಕೂತರು, ಬೀದಿ ಮುಚ್ಚಿ ಮಕ್ಕಳನ್ನ ಆಡೋಕೆ ಬಿಟ್ಟರು. ಅಪಘಾತ ಅನ್ನೋದರ ಬದಲು ಕೊಲೆ ಅಂದಿದ್ದು ಅತಿ ಅನಿಸಬಹುದು. ಮಗಳನ್ನ ಕಳಕೊಂಡವನ ಹತ್ತಿರ ಶಬ್ದದ ಚೌಕಾಶಿ ಮಾಡೋ ಧೈರ್ಯ ನನಗಂತೂ ಇಲ್ಲ.

ಇದಕ್ಕೂ ಮೊದಲೇ, 60ರ ದಶಕದ ಕೊನೆಯಿಂದ, ಡೆಲ್ಫ್ಟ್ ಅನ್ನೋ ಊರಿನಲ್ಲಿ ವಸತಿ ಬೀದಿಗಳ ಸ್ವರೂಪ ಬದಲಾಗತೊಡಗಿತ್ತು. ನೇರ ಬೀದಿಯನ್ನ ಅಂಕುಡೊಂಕು ಮಾಡಿದರು, ನಡುವೆ ಗಿಡ ನೆಟ್ಟರು, ಬೆಂಚು ಇಟ್ಟರು, ಫುಟ್‌ಪಾತು ಮತ್ತು ರಸ್ತೆ ಅನ್ನೋ ಭೇದ ತೆಗೆದರು. ಇಂಥ ಬೀದಿಗೆ ಅವರ ಹೆಸರು 'ವೋನ್‌ಎರ್ಫ್'. ಕನ್ನಡಕ್ಕೆ ತಂದರೆ ವಾಸದ ಅಂಗಳ. 1976ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆಯೂ ಸಿಕ್ಕಿತು. ಆ ಬೀದಿಯೊಳಗೆ ಕಾರು ಅತಿಥಿ, ನಡಿಗೆಯ ವೇಗದಲ್ಲೇ ಬರಬೇಕು. ಅಂಗಳ ಅನ್ನೋ ಮಾತು ಓದಿ ನನಗೆ ನಗು ಬಂತು. ಗೋವಿನಜೋಳವನ್ನ ಟಾರು ರಸ್ತೆ ಮೇಲೆ ಹರವಿ, ಸುತ್ತ ಕಲ್ಲಿಟ್ಟು ಒಣಗಿಸೋ ನಮ್ಮ ಸೀಮೆಯವರಿಗೆ ಡಚ್ಚರು ಹೊಸದೇನು ಹೇಳಿಕೊಡಬೇಕು?

ಈಗ ನನ್ನ ಆಯಿ ಬಿದ್ದಿದ್ದಕ್ಕೆ ಕಾರಣ ತಿಳಿಸಿದ ಮನುಷ್ಯನ ಕತೆ. ಅವನ ಹೆಸರು ವಾಟ್ಸ್, ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದವನು. 1973ರ ಹೊತ್ತಿಗೆ ಬೇರೆ ಬೇರೆ ಆಕಾರದ ಉಬ್ಬುಗಳ ಮೇಲೆ ಬೇರೆ ಬೇರೆ ವಾಹನ ಓಡಿಸಿ ನೋಡಿದ. ಅವನಿಗೆ ತಿಳಿದದ್ದು ಇಷ್ಟು: ಉಬ್ಬು ಗಿಡ್ಡವಾಗಿ ಚೂಪಾಗಿದ್ದರೆ, ಜೋರಾಗಿ ಹೋಗೋ ಕಾರಿನ ಚಕ್ರ ಏರಿ ಇಳಿಯೋದು ಎಷ್ಟು ಬೇಗ ಅಂದರೆ ಮೈಗೆ ಪೆಟ್ಟು ಮುಟ್ಟೋ ಮೊದಲೇ ಸ್ಪ್ರಿಂಗು ಅದನ್ನ ನುಂಗಿಬಿಡುತ್ತೆ. ನಿಧಾನ ಹೋಗೋನಿಗೆ ಪೂರಾ ಪೆಟ್ಟು. ಉಬ್ಬು ಉದ್ದವಾಗಿ ಬೋರಲಾಗಿದ್ದರೆ ಇದು ಉಲ್ಟಾ. ನಿಧಾನ ಹೋದವನಿಗೆ ಏನೂ ಆಗಲ್ಲ, ವೇಗ ಏರಿದಷ್ಟೂ ಗಾಡಿಗೆ ಗಾಡಿಯೇ ಎದ್ದು ಕುಕ್ಕುತ್ತೆ. ಅವನು ಕೊಟ್ಟ ಅಳತೆ ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರ.

ನಮ್ಮ ದೇಶದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪಿನ ಮಾರ್ಗಸೂಚಿ ತಂದದ್ದು 1988ರಲ್ಲಿ. 17 ಮೀಟರ್ ತ್ರಿಜ್ಯದ ಕಮಾನು, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ದಾಟೋ ವೇಗ ಗಂಟೆಗೆ 25 ಕಿಲೋಮೀಟರ್. ಕಪ್ಪು ಬಿಳಿ ಪಟ್ಟೆ ಇರಬೇಕು, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ ಇರಬೇಕು. 3.7 ಮೀಟರ್ ಅಂದರೆ ಹನ್ನೆರಡು ಅಡಿ, 10 ಸೆಂಟಿಮೀಟರ್ ಅಂದರೆ ನಾಲ್ಕು ಇಂಚು. ಲೆಕ್ಕ ಹಾಕಿ ನೋಡಿದೆ, 17 ಮೀಟರ್ ತ್ರಿಜ್ಯದ ಕಮಾನಿನಲ್ಲಿ 3.7 ಮೀಟರ್ ಕತ್ತರಿಸಿದರೆ ನಡುವಿನ ಎತ್ತರ ಸರಿಯಾಗಿ 10 ಸೆಂಟಿಮೀಟರ್ ಬರುತ್ತೆ. ವಾಟ್ಸನ ಹಂಪೇ! ಕಾಪಿ ಪೇಸ್ಟ್ ಮಾಡೋರು ನಾವು ಸಾಫ್ಟ್‌ವೇರಿನವರು ಮಾತ್ರ ಅಂದುಕೊಂಡಿದ್ದೆ. ಆದರೆ ಒಳ್ಳೇ ಕಾಪಿ. ದುಃಖ ಏನಂದ್ರೆ ಅದು ಪುಸ್ತಕದಿಂದ ರಸ್ತೆಗೆ ಪೇಸ್ಟ್ ಆಗಿದ್ದು ಬಹಳ ಕಡಿಮೆ. ಹಂಪಿಗಾಗಿ ಬರೆದ ಅರ್ಜಿ ಮೇಜಿಂದ ಮೇಜಿಗೆ ಹೋಗಿ, ಈ ರಸ್ತೆ ನಮ್ಮ ವ್ಯಾಪ್ತಿಯದಲ್ಲ ಅಂತ ವಾಪಸು ಬರೋ ಹೊತ್ತಿಗೆ ಜನರೇ ಗಾರೆ ಕಲಸಿರ್ತಾರೆ. ಕೋಪದಲ್ಲಿ ಕಲಸಿದ ಗಾರೆ ಹನ್ನೆರಡು ಅಡಿ ಹರಡಲ್ಲ, ಮೇಲಕ್ಕೆ ಏಳುತ್ತೆ. 2016ರಲ್ಲಂತೂ ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪುಗಳನ್ನ ತೆಗೀರಿ ಅಂತ ಕೇಂದ್ರ ಸಾರಿಗೆ ಸಚಿವಾಲಯವೇ ರಾಜ್ಯಗಳಿಗೆ ಹೇಳಬೇಕಾಯ್ತು. ಹೆದ್ದಾರಿಯ ಮಟ್ಟಿಗೆ ಅದು ಸರಿ. ಹೆದ್ದಾರಿ ಪಕ್ಕದ ಊರಿನ ಹುಡುಗ ರಸ್ತೆ ದಾಟೋದು ಹೇಗೆ ಅನ್ನೋದು ಬೇರೆ ಪ್ರಶ್ನೆ.

ಬೆಂಗಳೂರಿನ ಕ್ರಾಸುಗಳ ಕತೆಯೂ ಇದಕ್ಕೆ ಅಂಟಿಕೊಂಡಿದೆ. 1898ರ ಪ್ಲೇಗಿನ ಹೊತ್ತಿಗೆ ತಲೆಯೆತ್ತಿದ ಬಸವನಗುಡಿ, ಮಲ್ಲೇಶ್ವರಗಳನ್ನ ನೇರ ಮೇನು, ನೇರ ಕ್ರಾಸು ಅಂತ ಚೌಕಟ್ಟು ಹಾಕಿ ಮಾಡಿದ್ದು. ಇಕ್ಕಟ್ಟಿನ ಪೇಟೆ ಬಿಟ್ಟು ಬಂದವರಿಗೆ ಗಾಳಿ ಬೆಳಕು ಸಿಗಲಿ ಅಂತ. ಗಾಳಿ ಓಡಾಡಲಿ ಅಂತ ಬಿಟ್ಟ ನೇರ ದಾರಿಯಲ್ಲಿ ಈಗ ಕ್ಯಾಬು ಓಡಾಡುತ್ತೆ. ಅದೇ ಬಸವನಗುಡಿಯ ಗಾಂಧಿ ಬಜಾರನ್ನ ನಡೆಯುವವರ ಬೀದಿ ಮಾಡ್ತೀವಿ ಅಂತ ನಗರ ಭೂ ಸಾರಿಗೆ ನಿರ್ದೇಶನಾಲಯ ಹೊರಟಾಗ ವ್ಯಾಪಾರಿಗಳು ವಿರೋಧಿಸಿದರು, ಗಿರಾಕಿ ಬರೋದು ಹೇಗೆ ಅಂತ. ಒಂದು ಬೀದಿ ನಿಧಾನವಾದರೆ ಪಕ್ಕದ ಬೀದಿಗೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ನನ್ನ ಅರ್ಜಿಯ ಹಂಪು ಬಂದರೂ ಆ ಕ್ಯಾಬುಗಳು ಆವಿಯಾಗಲ್ಲ, ಹಿಂದಿನ ಕ್ರಾಸಿಗೆ ಹೋಗ್ತವೆ. ಹಿಂದಿನ ಕ್ರಾಸಿನಲ್ಲೂ ಶಟಲ್ ಆಡೋ ಮಕ್ಕಳಿದ್ದಾರೆ.

ಅರ್ಜಿ ಬರೆಯಲಾಗದ ನಿವಾಸಿಗಳೂ ಇದ್ದಾರೆ. ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬೇಡ ಅಂತ ಚಾಮರಾಜನಗರ ಜಿಲ್ಲಾಡಳಿತ 2009ರಲ್ಲಿ ಆದೇಶ ಮಾಡಿತು, ಕೆಲವೇ ದಿನದಲ್ಲಿ ವಾಪಸು ತಗೊಂಡಿತು, ಹೈಕೋರ್ಟು ಮತ್ತೆ ತಂದಿತು. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಅಲ್ಲೂ ಅದೇ ಇಬ್ಬರು: ಹಾದುಹೋಗುವವರು, ವಾಸ ಇರುವವರು.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ಶನಿವಾರ ಊರಿಗೆ ಹೋದೆ. ಭಾನುವಾರ ಅಂಗಡಿ ಕಟ್ಟೆ ಮೇಲೆ ಹತ್ತಾರು ಜನ ಸೇರಿದರು. ನಾನು ವಾಟ್ಸ್, ತ್ರಿಜ್ಯ, ಸ್ಪ್ರಿಂಗು ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಈ ಹಂಪು ಜೋರಾಗಿ ಹೋಗೋನನ್ನ ಬಿಟ್ಟು ನಿಧಾನ ಹೋಗೋನನ್ನ ಹೊಡೆಯುತ್ತೆ ಅಂದೆ. ಬಸುರಿ ಸೊಸೆಯನ್ನ ಆಟೋದಲ್ಲಿ ಕರಕೊಂಡು ಹೋಗಬೇಕಾದ ಅಜ್ಜಿಯೊಬ್ಬರು ಹೌದು ಹೌದು ಅಂದರು. ಬೈಕಿನ ಹುಡುಗರಿಗೂ ಖುಷಿ, ಅವರ ಕಾರಣ ಬೇರೆ.

ಹುಡುಗಿಯ ಅಪ್ಪ ಕೊನೆಗೆ ಮಾತಾಡಿದ. ನನಗಿಂತ ಎರಡು ವರ್ಷ ದೊಡ್ಡವನು, ಒಂದೇ ಶಾಲೆ. "ನಿಮ್ಮ ಆಯಿ ಬಿದ್ದಿದ್ದಕ್ಕೆ ನಂಗೂ ಬೇಜಾರಿದ್ದು ಮಾರಾಯ. ಆದ್ರೆ ಇದು ಬಂದ ಮೇಲೆ ಒಂದಾದ್ರೂ ಕಾರು ಇಲ್ಲಿ ಜೋರಾಗಿ ಹೋಗಿದ್ದು ನೋಡಿದ್ಯಾ? ಅಡಿಗೆ ತಾಗ್ತು ಅಂತ ಹೆದರಿ ಎಲ್ಲರೂ ನಿಲ್ಲಿಸ್ತಾರೆ. ನಿನ್ನ ಹನ್ನೆರಡು ಅಡಿದು ಬರೋತನಕ ಇದು ಇರ್ಲಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಟ್ಸನ ಹತ್ತಿರವೂ ಇದ್ದಂತಿಲ್ಲ. ಕಾರಿನ ಮಾಲೀಕನಿಗೆ ತನ್ನ ಬೆನ್ನಿಗಿಂತ ಕಾರಿನ ಹೊಟ್ಟೆ ಮುಖ್ಯ ಅನ್ನೋದು ಅವನ ಲೆಕ್ಕದಲ್ಲಿ ಬಂದಿರಲಿಲ್ಲ.

ಮನೆಗೆ ಬಂದು ಆಯಿಗೆ ಹೇಳಿದೆ. ಪ್ಲಾಸ್ಟರ್ ಹಾಕಿದ ಕೈಯನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಕೀಳೋದು ಬ್ಯಾಡ. ಆ ಕೂಸು ಇನ್ನೂ ಕುಂಟ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕತ್ತಲಲ್ಲಿ ಕಾಣೋ ಹಂಗಾದ್ರೂ ಮಾಡಿ."

ಹನ್ನೆರಡು ಅಡಿಯ ಹಂಪಿಗೆ ಅರ್ಜಿ ಕೊಟ್ಟಾಗಿದೆ. ಅಳತೆ, ಚಿತ್ರ, ಫಲಕದ ದೂರ ಎಲ್ಲ ಸೇರಿಸಿ ನಾನೇ ಟೈಪ್ ಮಾಡಿದ್ದು, ಹುಡುಗಿಯ ಅಪ್ಪನದೇ ಮೊದಲ ಸಹಿ. ಅಲ್ಲಿಯವರೆಗೆ ಈಗಿರೋದರ ಎರಡೂ ಕಡೆ ಒಂದಿಷ್ಟು ಮಣ್ಣು ಜಲ್ಲಿ ಸುರಿದು ಇಳಿಜಾರು ಮಾಡಿದ್ದಾರೆ. ಹದಿನೈದು ದಿನಕ್ಕೊಮ್ಮೆ ಅಪ್ಪಯ್ಯ ಬಕೆಟ್ಟು ಹಿಡಕೊಂಡು ಹೋಗಿ ಅದಕ್ಕೆ ಸುಣ್ಣ ಬಳಿದು ಬರ್ತಾನೆ. ಮಳೆಗಾಲ ಶುರುವಾದರೆ ಒಂದು ದಿನವೂ ನಿಲ್ಲಲ್ಲ ಅಂತ ಅವನಿಗೂ ಗೊತ್ತು. ಮೊನ್ನೆ ಫೋನು ಮಾಡಿ, ಬರುವಾಗ ಬೆಂಗಳೂರಿಂದ ರಾತ್ರಿ ಹೊಳೆಯೋ ಪೇಂಟು ಒಂದು ಡಬ್ಬ ತಗೊಂಡು ಬಾ ಅಂದ.