ಕೂಲಿ ಏರಿದರೆ ವೆಚ್ಚವೂ ಏರುವುದೇ?

ಕೂಲಿ ಹೆಚ್ಚಿದರೆ ಸರಕು ದುಬಾರಿಯಾಗುತ್ತದೆ ಎಂಬುದು ಉದ್ಯಮಿಗಳ ಹಳೆಯ ದೂರು. ಅದು ಸದಾ ನಿಜವಲ್ಲ. ದಿನಕ್ಕೆ 500 ರೂಪಾಯಿ ಪಡೆದು 20 ಅಂಗಿ ಹೊಲಿದರೆ ಅಂಗಿಯೊಂದರ ಕಾರ್ಮಿಕ ವೆಚ್ಚ 25 ರೂಪಾಯಿ. ಕೂಲಿ 550ಕ್ಕೇರಿ ಅಂಗಿಗಳು 22 ಆದರೂ ಅಷ್ಟೇ. ಇದೇ ಘಟಕ ಕಾರ್ಮಿಕ ವೆಚ್ಚ.

ರಾಷ್ಟ್ರೀಯ ಲೆಕ್ಕದಲ್ಲಿ ವೇತನ, ಭವಿಷ್ಯನಿಧಿ ವಂತಿಗೆ ಮುಂತಾದವುಗಳ ಮೊತ್ತವನ್ನು ಸ್ಥಿರ ಬೆಲೆಯ ಉತ್ಪನ್ನಮೌಲ್ಯದಿಂದ ಭಾಗಿಸಲಾಗುತ್ತದೆ. ನೋಂದಾಯಿತ ಕಾರ್ಖಾನೆಗಳ ಅಂಕಿ-ಅಂಶಗಳು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲಿ ದೊರೆಯುತ್ತವೆ. ತೊಡಕಿರುವುದು ಕೃಷಿ, ಕಿರಾಣಿ ವ್ಯಾಪಾರಗಳಲ್ಲಿ. ಅಲ್ಲಿ ಮಾಲೀಕನೇ ದುಡಿಮೆಗಾರ. ಅವನ ಗಳಿಕೆಯಲ್ಲಿ ಕೂಲಿ, ಲಾಭಗಳೆರಡೂ ಬೆರೆತಿರುತ್ತವೆ. ಇದಕ್ಕೆ ‘ಮಿಶ್ರ ಆದಾಯ’ವೆಂದು ಹೆಸರು. ಭಾರತೀಯ ರಿಸರ್ವ್ ಬ್ಯಾಂಕ್ ಪ್ರಕಟಿಸುವ, 27 ಉದ್ಯಮಗಳ ‘ಕ್ಲೆಮ್ಸ್’ ದತ್ತಾಂಶದಲ್ಲಿ ಕೂಲಿಯ ಪಾಲನ್ನು ಅಂದಾಜಿನಿಂದ ಬೇರ್ಪಡಿಸಲಾಗಿದೆ. ಇಂಥ ವಲಯಗಳಲ್ಲಿ ವೆಚ್ಚ ಏರಿತೆಂದರೆ, ಏರಿದ್ದು ಕೂಲಿಯೋ ಅಂದಾಜೋ ಎಂದು ಕೇಳಲೇಬೇಕಾಗುತ್ತದೆ.