ಹಿಂದೆ ಬೀಳುವ ಮುಳ್ಳು

ವಾಹನದ ವೇಗ ಬದಲಾದ ಮೇಲೆ ಅದು ಸ್ಪೀಡೋಮೀಟರಿನಲ್ಲಿ ಕಾಣಿಸಿಕೊಳ್ಳಲು ಹಿಡಿಯುವ ಹೊತ್ತೇ ಮೀಟರಿನ ವಿಳಂಬ. ಈಚಿನ ಪಿಕಪ್‌ಗಳಲ್ಲಿ ಬ್ರೇಕ್ ಒತ್ತಿ ಗಾಡಿ ನಿಧಾನವಾದರೂ ಅಂಕಿ ಒಂದು ಗಳಿಗೆ ಮೇಲೆಯೇ ನಿಂತಿರುವುದುಂಟು. ಇದನ್ನು ಎಲೆಕ್ಟ್ರಾನಿಕ್ ಕಾಲದ ದೋಷವೆಂದು ಭಾವಿಸುವವರಿದ್ದಾರೆ. ಆದರೆ ತಡ ಈ ಉಪಕರಣದ ಜೊತೆಗೇ ಹುಟ್ಟಿದ್ದು. ಹಿಂದೆ ಸ್ಪ್ರಿಂಗಿನಲ್ಲಿ ಇತ್ತು, ಈಗ ಲೆಕ್ಕಾಚಾರದಲ್ಲಿದೆ.

ಕರ್ನಾಟಕದ ಉತ್ತರದ ತುದಿಯಾದ, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಎಕಂಬಾದಂಥ ಹಳ್ಳಿಗಳಲ್ಲಿ, ಬಹುಕಾಲ ವೇಗ ಅಳೆಯುವ ಅಗತ್ಯವೇ ಇರಲಿಲ್ಲ. ದೇವಣಿ ಎತ್ತು ಕಟ್ಟಿದ ಬಂಡಿ ಹೆಚ್ಚುಕಡಿಮೆ ಮನುಷ್ಯ ನಡೆದಷ್ಟೇ ವೇಗದಲ್ಲಿ ಸಾಗುತ್ತದೆ. ದಾರಿ ಎಷ್ಟು ಹರದಾರಿ, ಎಷ್ಟು ಕೋಸು ಎಂದು ತಿಳಿದರೆ ಮುಟ್ಟುವ ಹೊತ್ತೂ ತಿಳಿದಂತೆಯೇ. ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತು. ಆ ಕಾಲದ ಮೀಟರುಗಳು ಮೈಲಿ ಲೆಕ್ಕದವು. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ದಶಮಾಂಶ ಪದ್ಧತಿಯ ತೂಕ-ಅಳತೆ ಕಾಯ್ದೆಯೂ ಬಂತು. ಮೀಟರಿನ ಮುಖದ ಮೇಲೆ ಕ್ರಮೇಣ ಕಿಲೋಮೀಟರ್ ಮೂಡಿತು.

ಮುಖ ಬದಲಾದರೂ ಒಳಗಿನ ಯಂತ್ರ ಬದಲಾಗಲಿಲ್ಲ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಹಲವು ದಶಕ ಲಾರಿ, ಜೀಪುಗಳಲ್ಲಿ ಉಳಿಯಿತು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಕವುಚಿಟ್ಟ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ, ಬಟ್ಟಲೂ ಅದರ ಜೊತೆ ಹೊರಳಲು ನೋಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಎರಡೂ ಸಮನಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಬಟ್ಟಲಿಗೂ ಮುಳ್ಳಿಗೂ ತೂಕವಿರುವುದರಿಂದ ಅವು ತಕ್ಷಣ ಹೊರಳಲಾರವು. ಕೇಬಲ್ಲೂ ಮೊದಲು ತುಸು ಹುರಿಗೊಂಡು ಆಮೇಲೆ ತಿರುಗುತ್ತದೆ. ಗ್ರೀಸ್ ಒಣಗಿದ ಕೇಬಲ್ಲಿನ ಮುಳ್ಳು ನಡುಗುತ್ತದೆ, ಕೆಲವೊಮ್ಮೆ ಟಿಕ್ ಟಿಕ್ ಸದ್ದೂ ಮಾಡುತ್ತದೆ. ಕೇಬಲ್ ಬಿಚ್ಚಿ ಒರೆಸಿ ಗ್ರೀಸ್ ಹಚ್ಚುವುದು ಗ್ಯಾರೇಜಿನ ಸಾಮಾನ್ಯ ಕೆಲಸವಾಗಿತ್ತು. ಕೇಬಲ್ ತುಂಡಾದರೆ ವೇಗದ ಜೊತೆ ಓಡಿದ ಕಿಲೋಮೀಟರಿನ ಲೆಕ್ಕವೂ ನಿಲ್ಲುತ್ತಿತ್ತು. ಹಳೆ ಗಾಡಿ ಕೊಳ್ಳುವ ಜಾಣರು ಮೀಟರಿಗಿಂತ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂಬುದನ್ನು ನೋಡುವುದು ಸುಮ್ಮನೆ ಅಲ್ಲ.

1986ರಲ್ಲಿ ಟಾಟಾ 407, 2005ರಲ್ಲಿ ‘ಛೋಟಾ ಹಾಥಿ’ ಎಂದು ಹೆಸರಾದ ಟಾಟಾ ಏಸ್ ಬಂದವು. ತೊಗರಿ, ಸೋಯಾ ಬೆಳೆಯುವ ಬೀದರ್‌ನಂಥ ಜಿಲ್ಲೆಯಲ್ಲಿ ಹೊಲದಿಂದ ಅಡತಿ ಅಂಗಡಿಯವರೆಗಿನ ಬಂಡಿಯ ಕೆಲಸ ಸಣ್ಣ ಸರಕು ಗಾಡಿಗಳ ಪಾಲಾಯಿತು. ಈ ಗಾಡಿಗಳಿಂದ ಕೇಬಲ್ ಕಣ್ಮರೆಯಾದದ್ದಕ್ಕೆ ವೇಗಕ್ಕಿಂತ ಹೊಗೆಯೇ ದೊಡ್ಡ ಕಾರಣವೆನ್ನಬಹುದು. ದೇಶವ್ಯಾಪಿಯಾಗಿ 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ಜಾರಿಯಾದಾಗ ಡೀಸೆಲ್ ಎಂಜಿನ್ನಿನ ಉಸ್ತುವಾರಿ ಕಂಪ್ಯೂಟರಿನ ಕೈಗೆ ಹೋಯಿತು. ಆ ಕಂಪ್ಯೂಟರಿಗೂ ವೇಗದ ಲೆಕ್ಕ ಬೇಕು. ಗೇರ್‌ಬಾಕ್ಸಿಗೋ ಚಕ್ರಕ್ಕೋ ಹೊಂದಿಸಿದ ಸೆನ್ಸರ್ ವಿದ್ಯುತ್ ಮಿಡಿತ ಕಳಿಸುತ್ತದೆ. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ‘ಕ್ಯಾನ್’ ಎಂಬ ತಂತಿಜಾಲದ ಮೂಲಕ ಅದರ ಲೆಕ್ಕ ಮೀಟರಿಗೂ ತಲುಪುತ್ತದೆ.

ಈ ಸಾಗಣೆಗೆ ಹಿಡಿಯುವ ಹೊತ್ತು ಸೆಕೆಂಡಿನ ಸಣ್ಣ ಪಾಲು. ಹೆಚ್ಚಿನ ತಡ ಬೇಕೆಂದೇ ಇಟ್ಟದ್ದು. ಮಿಡಿತಗಳನ್ನು ಬಂದಹಾಗೆಯೇ ತೋರಿಸಿದರೆ ಹಾಳಾದ ರಸ್ತೆಯಲ್ಲಿ ಅಂಕಿ 41, 43, 40 ಎಂದು ಕುಣಿಯುತ್ತದೆ, ಓದಲು ಬಾರದು. ಆದ್ದರಿಂದ ಹಿಂದಿನ ಕೆಲವು ಅಳತೆಗಳ ಸರಾಸರಿ ತೆಗೆದು ತೋರಿಸುತ್ತಾರೆ. ಸರಾಸರಿಯಲ್ಲಿ ಹಳೆಯದರ ಪಾಲು ಇದ್ದೇ ಇರುತ್ತದೆ. ತೀರ ನಿಧಾನದಲ್ಲಿ ಮಿಡಿತಗಳೇ ವಿರಳ. ಮುಂದಿನದು ಬರುವವರೆಗೆ ಲೆಕ್ಕ ಕಾಯಬೇಕು. ವಿಳಂಬ ಅರ್ಧ ಸೆಕೆಂಡ್ ಎಂದಿಟ್ಟುಕೊಂಡರೆ, ಪ್ರತಿ ಸೆಕೆಂಡಿಗೆ ಒಂದು ಮೀಟರಿನಂತೆ ವೇಗ ಏರಿಸಿಕೊಳ್ಳುವ ತುಂಬಿದ ಪಿಕಪ್‌ನಲ್ಲಿ ತಪ್ಪು ಗಂಟೆಗೆ 2 ಕಿ.ಮೀ. ಒಳಗೇ ಉಳಿಯುತ್ತದೆ. ಜೋರಾಗಿ ಬ್ರೇಕ್ ಹಾಕಿ ವೇಗ ಸೆಕೆಂಡಿಗೆ 6 ಮೀಟರಿನಂತೆ ಇಳಿದರೆ ಅದೇ ಅರ್ಧ ಸೆಕೆಂಡ್ ಸುಮಾರು 11 ಕಿ.ಮೀ. ತಪ್ಪು ತೋರಿಸುತ್ತದೆ.

ಮೊಬೈಲಿನ ಜಿಪಿಎಸ್‌ಗೂ ಮೀಟರಿಗೂ ಸದಾ ಕಾಣುವ ನಾಲ್ಕೈದು ಕಿ.ಮೀ. ಅಂತರ ಈ ಬಗೆಯದಲ್ಲ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು: ನಿಜವೇಗ 80 ಇದ್ದಾಗ 92ರವರೆಗೆ. ಹೀಗಾಗಿ ತಯಾರಕರು ಮೊದಲೇ ತುಸು ಹೆಚ್ಚು ಕೂಡಿಸಿಡುತ್ತಾರೆ. ಟೈರ್ ಸವೆದಂತೆ ಅದು ಇನ್ನಷ್ಟು ಏರುತ್ತದೆ. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಸ್ಪೀಡೋಮೀಟರನ್ನು ಕಡ್ಡಾಯ ಮಾಡಿದೆ. ಆದರೆ ನಿಖರತೆಯ ಪರೀಕ್ಷೆ ನಡೆಯುವುದು ವೇಗ ಸ್ಥಿರವಾಗಿ ನಿಂತಾಗ. ಏರಿಳಿತದ ನಡುವಿನ ತಡ ತಯಾರಕರ ಆಯ್ಕೆಗೆ ಉಳಿದಿರುವುದರಿಂದ, ಒಂದೇ ಗಾಡಿಯಲ್ಲಿ ಮುಳ್ಳಿನ ತಡವೇ ಬೇರೆ, ಪಕ್ಕದ ಅಂಕಿಯ ತಡವೇ ಬೇರೆ ಇರಬಹುದು.